ಬಾಗುವ ಹಾಳೆಯ ಮೇಲೆ ಉಷ್ಣವಿದ್ಯುತ್ ಜನಕವನ್ನು ಮುದ್ರಿಸುವುದು: ಪುಡಿಯಿಂದ ಪರೀಕ್ಷೆಯವರೆಗೆ

ಬಿಸಿನೀರಿನ ಕೊಳವೆ, ಮೋಟಾರಿನ ಹೊರಕವಚ, ಹಬೆಯ ವಾಲ್ವು ಇವುಗಳಿಂದ ಸದಾ ಶಾಖ ಸೋರಿಹೋಗುತ್ತಿರುತ್ತದೆ. ಆ ಶಾಖದ ಒಂದು ಪಾಲನ್ನು ವಿದ್ಯುತ್ತಾಗಿ ಪರಿವರ್ತಿಸಬಲ್ಲ ಪೆಲ್ಟಿಯರ್ ಬಿಲ್ಲೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆಯಾದರೂ ಅವು ಚಪ್ಪಟೆಯಾದ ಗಟ್ಟಿ ಸೆರಾಮಿಕ್ ತುಂಡುಗಳಾದ್ದರಿಂದ ದುಂಡನೆಯ ಮೇಲ್ಮೈಗೆ ಒಂದು ಗೆರೆಯಷ್ಟು ಮಾತ್ರ ತಾಗುತ್ತವೆ. ಉಷ್ಣವಿದ್ಯುತ್ ವಸ್ತುವನ್ನೇ ಶಾಯಿಯಾಗಿ ಮಾಡಿ ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿದರೆ ಈ ತೊಡಕು ನೀಗುತ್ತದೆ. ಮುದ್ರಣದ ದಾರಿಗಳು ಹಲವು ಇವೆ. ಸೂಕ್ಷ್ಮ ಹನಿಗಳನ್ನು ಚಿಮ್ಮಿಸುವ ಇಂಕ್‌ಜೆಟ್, ಸೂಜಿಯಿಂದ ಹಿಂಡುವ ಡಿಸ್ಪೆನ್ಸರ್ ಮತ್ತು ಜಾಲರಿಯ ಪರದೆಯ ಮೂಲಕ ಶಾಯಿಯನ್ನು ಒತ್ತಿ ಇಳಿಸುವ ಸ್ಕ್ರೀನ್ ಪ್ರಿಂಟಿಂಗ್ ಅವುಗಳಲ್ಲಿ ಮುಖ್ಯವಾದವು. ಇಲ್ಲಿ ನಾನು ಸ್ಕ್ರೀನ್ ಪ್ರಿಂಟಿಂಗ್ ಒಂದನ್ನೇ ಹಿಡಿದು ವಿವರಿಸುತ್ತೇನೆ, ಏಕೆಂದರೆ ಈ ಕೆಲಸಕ್ಕೆ ಬೇಕಾದ ಹತ್ತಾರು ಮೈಕ್ರೋಮೀಟರ್ ದಪ್ಪದ ಪದರವನ್ನು ಒಂದೆರಡು ಎಳೆತದಲ್ಲಿ ಕೊಡುವ ಸರಳ ವಿಧಾನ ಅದೇ.

ಆರಂಭದಲ್ಲಿಯೇ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ಮುದ್ರಿತ ಜನಕದಲ್ಲಿ ವೋಲ್ಟೇಜ್ ಪಡೆಯುವುದು ಕಷ್ಟವಲ್ಲ; ಮೊದಲ ಪ್ರಯತ್ನದಲ್ಲಿಯೇ ಮಲ್ಟಿಮೀಟರ್ ಕೆಲವು ಮಿಲಿವೋಲ್ಟ್ ತೋರಿಸುತ್ತದೆ. ಶಕ್ತಿಯನ್ನು ಪಡೆಯುವುದು ಕಷ್ಟ. ಕಣ ಕಣದ ನಡುವೆ, ಪದರ ಮತ್ತು ಅದರಿಂದ ವಿದ್ಯುತ್ತನ್ನು ಒಯ್ಯುವ ವಿದ್ಯುದ್ವಾರದ ನಡುವೆ ಸೇರಿಕೊಳ್ಳುವ ರೋಧವೇ ಶಕ್ತಿಯನ್ನು ನುಂಗಿಹಾಕುತ್ತದೆ. ಮುಂದಿನ ಬಹುಪಾಲು ಹಂತಗಳು ಆ ರೋಧವನ್ನು ಇಳಿಸುವುದಕ್ಕಾಗಿಯೇ ಇವೆ.

ಹಂತ 1: ಕಾಗದದ ಮೇಲೆ ಲೆಕ್ಕ

ಥಾಮಸ್ ಯೋಹಾನ್ ಸೀಬೆಕ್ 1821ರಲ್ಲಿ ಎರಡು ಬೇರೆ ಬೇರೆ ಲೋಹಗಳ ಬಳೆಯ ಒಂದು ಸಂಧಿಯನ್ನು ಕಾಯಿಸಿದಾಗ ಹತ್ತಿರದ ದಿಕ್ಸೂಚಿಯ ಮುಳ್ಳು ಸರಿದುದನ್ನು ಕಂಡು ಅದನ್ನು ಕಾಂತೀಯ ಪರಿಣಾಮವೆಂದೇ ಭಾವಿಸಿದ್ದರು. ಬಳೆಯಲ್ಲಿ ಹರಿದದ್ದು ವಿದ್ಯುತ್ತು ಎಂಬುದು ಆಮೇಲೆ ಸ್ಪಷ್ಟವಾಯಿತು. ಒಂದು ವಸ್ತು ಪ್ರತಿ ಡಿಗ್ರಿ ತಾಪ ವ್ಯತ್ಯಾಸಕ್ಕೆ ಎಷ್ಟು ವೋಲ್ಟೇಜ್ ಕೊಡುತ್ತದೆ ಎಂಬುದು ಅದರ ಸೀಬೆಕ್ ಗುಣಾಂಕ. ಧನ ವಾಹಕಗಳಿರುವ ಪಿ ಬಗೆಯ ವಸ್ತುವಿಗೆ ಅದು ಧನಾತ್ಮಕ, ಎಲೆಕ್ಟ್ರಾನುಗಳಿಂದ ನಡೆಯುವ ಎನ್ ಬಗೆಗೆ ಋಣಾತ್ಮಕ. ಒಂದು ಪಿ ಪಟ್ಟಿ ಮತ್ತು ಒಂದು ಎನ್ ಪಟ್ಟಿ ಸೇರಿ ಒಂದು ಜೋಡಿಯಾಗುತ್ತವೆ, ಈ ಪಟ್ಟಿಗಳನ್ನು ನಾವು ಕಾಲುಗಳೆಂದು ಕರೆಯುತ್ತೇವೆ. ಜೋಡಿಗಳನ್ನು ವಿದ್ಯುತ್ ದೃಷ್ಟಿಯಿಂದ ಸರಣಿಯಲ್ಲಿಯೂ ಶಾಖದ ದೃಷ್ಟಿಯಿಂದ ಸಮಾನಾಂತರವಾಗಿಯೂ ಇಡಬೇಕು.

ಸಾಧಾರಣ ಗುಣಮಟ್ಟದ ಮುದ್ರಣದಲ್ಲಿ ಪಿ ಕಾಲು 150 ಮತ್ತು ಎನ್ ಕಾಲು 120 ಮೈಕ್ರೋವೋಲ್ಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಜೋಡಿಗಳಿಗೆ ಪ್ರತಿ ಡಿಗ್ರಿಗೆ 2.7 ಮಿಲಿವೋಲ್ಟ್ ಆಯಿತು. 20 ಡಿಗ್ರಿ ವ್ಯತ್ಯಾಸವಿದ್ದರೆ 54 ಮಿಲಿವೋಲ್ಟ್. ಈಗ ರೋಧದ ಕಡೆ ನೋಡೋಣ. ಕಾಲಿನ ಉದ್ದ 10 ಮಿಲಿಮೀಟರ್, ಅಗಲ 3 ಮಿಲಿಮೀಟರ್, ದಪ್ಪ 50 ಮೈಕ್ರೋಮೀಟರ್, ವಾಹಕತೆ ಸೆಂಟಿಮೀಟರಿಗೆ 100 ಸೀಮೆನ್ಸ್ ಇದ್ದರೆ ಒಂದು ಕಾಲಿನ ರೋಧ ಸುಮಾರು 6.7 ಓಮ್, ಇಪ್ಪತ್ತು ಕಾಲುಗಳಿಗೆ ಸುಮಾರು 133 ಓಮ್. ಗರಿಷ್ಠ ಶಕ್ತಿಯೆಂದರೆ ತೆರೆದ ವೋಲ್ಟೇಜಿನ (ಜನಕಕ್ಕೆ ಏನನ್ನೂ ಕಟ್ಟದಿರುವಾಗಿನ ವೋಲ್ಟೇಜಿನ) ವರ್ಗವನ್ನು ಆಂತರಿಕ ರೋಧದ ನಾಲ್ಕು ಪಟ್ಟಿನಿಂದ ಭಾಗಿಸಿದ್ದು. ಇಲ್ಲಿ ಅದು 5.5 ಮೈಕ್ರೋವ್ಯಾಟ್ ಮಾತ್ರ. ಈ ಅಂಕಿಯನ್ನು ಕಂಡು ನಿರಾಶರಾಗಬೇಕಿಲ್ಲ, ಆದರೆ ಅದನ್ನು ಲೆಕ್ಕ ಹಾಕದೆ ಪುಡಿ ತರಿಸಲು ಹೊರಡಬಾರದು. ದಪ್ಪವನ್ನು ಇಮ್ಮಡಿಗೊಳಿಸಿದರೆ ರೋಧ ಅರ್ಧವಾಗಿ ಶಕ್ತಿ ಇಮ್ಮಡಿಸುತ್ತದೆ. ಜೋಡಿಗಳ ಸಂಖ್ಯೆಯನ್ನು ಹತ್ತು ಪಟ್ಟು ಮಾಡಿದರೆ ಶಕ್ತಿಯೂ ಹತ್ತು ಪಟ್ಟಾಗುತ್ತದೆ, ಮತ್ತು ಮುದ್ರಣದಲ್ಲಿ ಹತ್ತು ಜೋಡಿಗೂ ನೂರು ಜೋಡಿಗೂ ಬೀಳುವ ಶ್ರಮ ಹೆಚ್ಚುಕಡಿಮೆ ಒಂದೇ.

ಹಂತ 2: ವಸ್ತು ಮತ್ತು ಹಾಳೆಯ ಆಯ್ಕೆ

ಕೋಣೆಯ ತಾಪಮಾನದ ಆಸುಪಾಸಿನಲ್ಲಿ ಬಿಸ್ಮತ್ ಟೆಲ್ಲುರೈಡ್ ಕುಟುಂಬವನ್ನು ಸುಲಭವಾಗಿ ಮೀರಿಸುವ ವಸ್ತು ಇಲ್ಲ. ಪಿ ಬಗೆಗೆ ಅದರಲ್ಲಿ ಬಹುಪಾಲು ಬಿಸ್ಮತ್ ಬದಲು ಆಂಟಿಮನಿಯನ್ನೂ, ಎನ್ ಬಗೆಗೆ ಸ್ವಲ್ಪ ಟೆಲ್ಲೂರಿಯಂ ಬದಲು ಸೆಲೆನಿಯಮ್ಮನ್ನೂ ಸೇರಿಸಿರುತ್ತಾರೆ. ಗಟ್ಟಿ ತುಂಡಿನ ರೂಪದಲ್ಲಿ ಇವುಗಳ ಸೀಬೆಕ್ ಗುಣಾಂಕ 200 ಮೈಕ್ರೋವೋಲ್ಟ್ ಆಸುಪಾಸು, ವಾಹಕತೆ ಸೆಂಟಿಮೀಟರಿಗೆ ಸುಮಾರು 1000 ಸೀಮೆನ್ಸ್. ಪುಡಿ ಮಾಡಿ ಅಂಟಿನಲ್ಲಿ ಕಲಸಿದಾಗ ಸೀಬೆಕ್ ಅಷ್ಟೇನೂ ಕುಗ್ಗುವುದಿಲ್ಲ, ವಾಹಕತೆ ಮಾತ್ರ ಹತ್ತು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಬಿದ್ದುಹೋಗುತ್ತದೆ. ಪೆಡಾಟ್-ಪಿಎಸ್ಎಸ್ ಎಂಬ ವಾಹಕ ಪಾಲಿಮರ್ ನೀರಿನಲ್ಲಿ ಹರಡಿದ ರೂಪದಲ್ಲಿಯೇ ಸಿಗುತ್ತದೆ, ಮುದ್ರಿಸುವುದೂ ಸುಲಭ, ಆದರೆ ಅದರ ಸೀಬೆಕ್ ಗುಣಾಂಕ ಸಾಮಾನ್ಯವಾಗಿ 15ರಿಂದ 20 ಮೈಕ್ರೋವೋಲ್ಟ್ ಮಾತ್ರ. ಕೈ ಪಳಗಿಸಿಕೊಳ್ಳಲು ಅದು ಒಳ್ಳೆಯದು, ಉಪಯೋಗಕ್ಕೆ ಬರುವ ಜನಕಕ್ಕೆ ಸಾಲದು ಎಂಬುದು ನನ್ನ ಅಭಿಪ್ರಾಯ. ಬೆಳ್ಳಿ ಸೆಲೆನೈಡ್ ಉತ್ತಮ ಎನ್ ಬಗೆಯ ವಸ್ತು ಮತ್ತು ಬಾಗುವಿಕೆಯನ್ನೂ ಚೆನ್ನಾಗಿ ತಾಳುತ್ತದೆ. ಆದರೆ ಸುಮಾರು 133 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ಫಟಿಕ ರಚನೆ ಬದಲಾಗುವುದರಿಂದ ಬಿಸಿ ಕೊಳವೆಗೆ ಹಚ್ಚುವ ಮುನ್ನ ಯೋಚಿಸಬೇಕು.

ಹಾಳೆಗೆ ಪಾಲಿಇಮೈಡ್, ಅಂದರೆ ಕ್ಯಾಪ್ಟನ್ ಎಂಬ ಹೆಸರಿನಲ್ಲಿ ಪರಿಚಿತವಾಗಿರುವ ಜೇನುಬಣ್ಣದ ಹಾಳೆಯೇ ಸೂಕ್ತ. ಅದು 250ರಿಂದ 300 ಡಿಗ್ರಿಯ ಶಾಖವನ್ನು ತಾಳಿಕೊಳ್ಳುತ್ತದೆ. ಅಗ್ಗದ ಪಾಲಿಯೆಸ್ಟರ್ ಹಾಳೆ 150 ಡಿಗ್ರಿಯೊಳಗೇ ಸೊಟ್ಟಗಾಗುತ್ತದೆ. ಹಾಳೆಯ ದಪ್ಪವನ್ನು ನಿರ್ಲಕ್ಷಿಸುವುದು ಹೊಸಬರ ಸಾಮಾನ್ಯ ತಪ್ಪು. ಶಾಖವು ಕಾಲಿನ ಮೂಲಕವಷ್ಟೇ ಅಲ್ಲದೆ ಹಾಳೆಯ ಮೂಲಕವೂ ಬಿಸಿ ಬದಿಯಿಂದ ತಣ್ಣನೆಯ ಬದಿಗೆ ಓಡುತ್ತದೆ, ಮತ್ತು ಹಾಗೆ ಓಡಿದ ಶಾಖದಿಂದ ನಮಗೆ ಏನೂ ಸಿಗುವುದಿಲ್ಲ. ಪಾಲಿಇಮೈಡ್‌ನ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ 0.12 ವ್ಯಾಟ್. ಮುದ್ರಿತ ಪದರದ್ದು 0.7 ಎಂದೂ, ಎರಡೂ 50 ಮೈಕ್ರೋಮೀಟರ್ ದಪ್ಪವೆಂದೂ ಹಿಡಿದು, ಕಾಲುಗಳ ನಡುವಿನ ಖಾಲಿ ಜಾಗವನ್ನೂ ಸೇರಿಸಿದರೆ ಹಾಳೆಯ ಮೂಲಕ ಸೋರುವ ಶಾಖವು ಕಾಲಿನಲ್ಲಿ ಹರಿಯುವುದರ ಕಾಲುಭಾಗದ ಹತ್ತಿರ ಬರುತ್ತದೆ. 25 ಮೈಕ್ರೋಮೀಟರ್ ಹಾಳೆ ಅದನ್ನು ಅರ್ಧಕ್ಕಿಳಿಸುತ್ತದೆ, ಆದರೆ ಮುದ್ರಿಸುವಾಗ ಸುರುಟಿಕೊಳ್ಳುತ್ತದೆ. ಕಲಿಯುವವರಿಗೆ 50 ಸಾಕು.

ಹಂತ 3: ಪುಡಿ

ಪುಡಿಯನ್ನು ಜಿರ್ಕೋನಿಯಾ ಗುಂಡುಗಳೊಡನೆ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮುಳುಗಿಸಿ, ಬಾಲ್ ಮಿಲ್ಲಿನಲ್ಲಿ ಅರೆಯಬೇಕು. ಸರಾಸರಿ ಗಾತ್ರ 5ರಿಂದ 10 ಮೈಕ್ರೋಮೀಟರಿಗೆ ಬಂದರೆ ನಿಲ್ಲಿಸಿ. ಇನ್ನೂ ನುಣ್ಣಗಾದಷ್ಟೂ ಒಳ್ಳೆಯದು ಎಂಬ ಭಾವನೆ ಇಲ್ಲಿ ತಿರುಗುಬಾಣವಾಗುತ್ತದೆ: ಕಣ ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚುತ್ತದೆ, ಪ್ರತಿ ಮೇಲ್ಮೈಯಲ್ಲಿಯೂ ಆಕ್ಸೈಡಿನ ತೆಳುಪೊರೆ ಕಟ್ಟುತ್ತದೆ, ವಿದ್ಯುತ್ತು ದಾಟಬೇಕಾದ ಗಡಿಗಳ ಸಂಖ್ಯೆಯೂ ಹೆಚ್ಚುತ್ತದೆ. ಅರೆದ ನಂತರ ನಿರ್ವಾತದಲ್ಲಿ ಒಣಗಿಸಿ, 45 ಮೈಕ್ರೋಮೀಟರ್ ಜರಡಿಯಲ್ಲಿ ಜಾಲಿಸಿ, ಆರ್ಗಾನ್ ತುಂಬಿದ ಸೀಸೆಯಲ್ಲಿ ಮುಚ್ಚಿಡಿ.

ಟೆಲ್ಲೂರಿಯಂ ಮತ್ತು ಸೆಲೆನಿಯಂ ಸಂಯುಕ್ತಗಳು ವಿಷಕಾರಿ. ಪುಡಿಯ ಕೆಲಸವನ್ನು ಹೊಗೆ ಎಳೆಯುವ ಕಪಾಟಿನೊಳಗೆ, ಕೈಗವಸು ಮತ್ತು ಕಣ ತಡೆಯುವ ಮುಖಗವಸು ಹಾಕಿಕೊಂಡು ಮಾಡಬೇಕು. ಟೆಲ್ಲೂರಿಯಂ ಒಳಹೊಕ್ಕವರ ಉಸಿರಿನಿಂದ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ, ಅದು ದಿನಗಟ್ಟಲೆ ಹೋಗುವುದಿಲ್ಲ. ಈ ಪುಡಿಗಳಿಗೆ ಆಮ್ಲ ತಾಗಿಸಬಾರದು, ಉಳಿಕೆಯನ್ನು ಚರಂಡಿಗೆ ಚೆಲ್ಲಬಾರದು. ನುಣ್ಣನೆಯ ಒಣ ಪುಡಿ ಕಿಡಿ ತಾಗಿದರೆ ಹೊತ್ತಿಕೊಳ್ಳಲೂಬಹುದು.

ಹಂತ 4: ಶಾಯಿ

ಅಂಟಿಗೆ ಎಪಾಕ್ಸಿಯನ್ನು ಬಳಸುವುದಾದರೆ ಅಮೀನ್ ಬಗೆಯ ಗಟ್ಟಿಕಾರಕದ ಬದಲು ಅನ್‌ಹೈಡ್ರೈಡ್ ಬಗೆಯದನ್ನು ಆರಿಸಿಕೊಳ್ಳಿ. ಮೊದಲನೆಯದು ಗಂಟೆಯೊಳಗೆ ಬಟ್ಟಲಿನಲ್ಲಿಯೇ ಗಟ್ಟಿಯಾಗತೊಡಗುತ್ತದೆ. ಎರಡನೆಯದು ಕಾಯಿಸುವ ತನಕ ಸುಮ್ಮನಿರುತ್ತದೆ.

ಪುಡಿ ಮತ್ತು ಅಂಟಿನ ಪ್ರಮಾಣವನ್ನು ತೂಕದಲ್ಲಿ ಅಳೆದರೂ ಗಾತ್ರದಲ್ಲಿ ಯೋಚಿಸಬೇಕು. ಬಿಸ್ಮತ್ ಟೆಲ್ಲುರೈಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.7 ಗ್ರಾಂ ಆಸುಪಾಸು, ಎಪಾಕ್ಸಿಯದು 1.2. ಹೀಗಾಗಿ ತೂಕದಲ್ಲಿ ಶೇಕಡ 85 ಪುಡಿ ಇರುವ ಮಿಶ್ರಣ ಕೇಳಲು ಬಹಳ ಗಟ್ಟಿಯೆನಿಸಿದರೂ ಗಾತ್ರದಲ್ಲಿ ಪುಡಿಯ ಪಾಲು ಶೇಕಡ 47 ಮಾತ್ರ. ಅರ್ಧಕ್ಕಿಂತ ಹೆಚ್ಚು ಜಾಗವನ್ನು ವಿದ್ಯುತ್ ಹರಿಯದ ಅಂಟೇ ಆಕ್ರಮಿಸಿರುತ್ತದೆ. ಶೇಕಡ 90 ಆದರೆ ಗಾತ್ರದಲ್ಲಿ 58 ಆಗುತ್ತದೆ. ಶೇಕಡ 92ಕ್ಕೆ ಅದು 64, ಅಂದರೆ ಗುಂಡನೆಯ ಕಣಗಳನ್ನು ಹೇಗೆಂದರೆ ಹಾಗೆ ಸುರಿದಾಗ ತುಂಬಬಹುದಾದ ಗರಿಷ್ಠ ಮಿತಿಯ ಸಮೀಪ. ಅದನ್ನು ದಾಟಿದರೆ ಕಣಗಳ ನಡುವೆ ತುಂಬಲು ಅಂಟು ಸಾಲದೆ ಗಾಳಿಗುಳ್ಳೆಗಳು ಉಳಿದು ಪದರ ಉದುರತೊಡಗುತ್ತದೆ. ಹತ್ತು ಗ್ರಾಂ ಪುಡಿಗೆ ಗಟ್ಟಿಕಾರಕವೂ ಸೇರಿದಂತೆ 1.1 ಗ್ರಾಂ ಎಪಾಕ್ಸಿ ಎಂಬಲ್ಲಿಂದ ಆರಂಭಿಸಿ. ಪಿ ಪುಡಿ ಆಂಟಿಮನಿಯ ಕಾರಣದಿಂದ ಹಗುರವಾದ್ದರಿಂದ ಅದೇ ತೂಕಕ್ಕೆ ಹೆಚ್ಚು ಜಾಗ ಹಿಡಿಯುತ್ತದೆ. ಅದಕ್ಕೆ ಅಂಟು ಕೊಂಚ ಹೆಚ್ಚು ಬೇಕಾಗುತ್ತದೆ.

ಎಪಾಕ್ಸಿಯೊಡನೆ ತಾನೂ ಗಟ್ಟಿಯಾಗಿ ಸೇರಿಹೋಗುವ ತೆಳುಕಾರಕವನ್ನು ಹನಿ ಹನಿಯಾಗಿ ಹಾಕುತ್ತಾ ಹದಕ್ಕೆ ತನ್ನಿ. ಈ ತೆಳುಕಾರಕಗಳು ಚರ್ಮಕ್ಕೆ ಅಲರ್ಜಿ ತರುತ್ತವೆ, ಕೈಗವಸು ತೆಗೆಯಬೇಡಿ. ಹದವನ್ನು ಗುರುತಿಸುವ ಬಗೆ ಹೀಗೆ: ಚಪ್ಪಟೆ ಚಮಚದಿಂದ ಶಾಯಿಯನ್ನು ಎತ್ತಿ ಹಿಡಿದಾಗ ಅದು ದಪ್ಪ ಪಟ್ಟಿಯಾಗಿ ನಿಧಾನಕ್ಕೆ ಇಳಿಯಬೇಕು, ಕೆಳಗೆ ಬಿದ್ದ ಸುರುಳಿ ಎರಡು ಮೂರು ಕ್ಷಣ ನಿಂತು ಆಮೇಲೆ ಮಟ್ಟವಾಗಬೇಕು. ತಕ್ಷಣ ಮಟ್ಟವಾದರೆ ಅದು ತೆಳು, ಮುದ್ರಿಸಿದಾಗ ಕಾಲುಗಳ ಅಂಚು ಹರಡುತ್ತದೆ. ಮಟ್ಟವೇ ಆಗದಿದ್ದರೆ ಜಾಲರಿಯ ಗುರುತು ಪದರದ ಮೇಲೆ ಉಳಿಯುತ್ತದೆ.

ಪಿ ಮತ್ತು ಎನ್ ಶಾಯಿಗಳು ನೋಡಲು ಒಂದೇ ಬೂದುಗಪ್ಪು. ಒಮ್ಮೆ ನಾನು ಒಂದೇ ಚಮಚವನ್ನು ಎರಡೂ ಬಟ್ಟಲಿಗೆ ಅದ್ದಿದ್ದರ ಫಲವಾಗಿ ಎನ್ ಕಾಲುಗಳ ಸೀಬೆಕ್ ಅರ್ಧಕ್ಕೆ ಕುಸಿದು, ಕಾರಣ ಹುಡುಕಲು ಒಂದು ವಾರ ಕಳೆಯಿತು. ಅಂದಿನಿಂದ ಪಿಗೆ ಕೆಂಪು ಪಟ್ಟಿ, ಎನ್‌ಗೆ ನೀಲಿ ಪಟ್ಟಿ ಅಂಟಿಸಿದ ಪ್ರತ್ಯೇಕ ಚಮಚ, ಪ್ರತ್ಯೇಕ ಸ್ಕ್ವೀಜಿ (ಪರದೆಯ ಮೇಲೆ ಶಾಯಿ ಎಳೆಯುವ ರಬ್ಬರ್ ಪಟ್ಟಿ) ಮತ್ತು ಪ್ರತ್ಯೇಕ ಪರದೆಗಳನ್ನೇ ಇಟ್ಟುಕೊಂಡಿದ್ದೇನೆ. ಸಂದೇಹ ಬಂದರೆ ಒಂದು ತೊಟ್ಟನ್ನು ಗಟ್ಟಿಯಾಗಿಸಿ, ಮೀಟರಿನ ಧನ ಕಡ್ಡಿಯನ್ನು ಬೆಸುಗೆ ಕಡ್ಡಿಯಿಂದ ಬಿಸಿ ಮಾಡಿ ಒಂದು ತುದಿಗೂ ಋಣ ಕಡ್ಡಿಯನ್ನು ತಣ್ಣಗೆ ಇನ್ನೊಂದು ತುದಿಗೂ ಮುಟ್ಟಿಸಿ. ಮಿಲಿವೋಲ್ಟ್ ಧನವಾಗಿದ್ದರೆ ಅದು ಎನ್, ಋಣವಾಗಿದ್ದರೆ ಪಿ.

ಹಂತ 5: ಮುದ್ರಣ

ಪಾಲಿಇಮೈಡ್ ತೇವ ಹೀರಿಕೊಂಡಿರುತ್ತದೆ. ಮುದ್ರಿಸುವ ಮೊದಲು 150 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ತೇವವೂ ಹೋಗುತ್ತದೆ, ಹಾಳೆ ಕುಗ್ಗುವುದಿದ್ದರೆ ಆಗಲೇ ಕುಗ್ಗಿಬಿಡುತ್ತದೆ. ಹಾಗೆ ಮಾಡದಿದ್ದರೆ ಮೊದಲ ಪದರ ಕಾಯಿಸಿದ ಮೇಲೆ ಎರಡನೆಯ ಪದರದ ಗುರುತುಗಳು ಸರಿಹೊಂದುವುದಿಲ್ಲ. ನಂತರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅನುಕೂಲವಿದ್ದರೆ ಆಕ್ಸಿಜನ್ ಪ್ಲಾಸ್ಮಾಕ್ಕೆ ಒಡ್ಡಿ.

ಪರದೆಯ ಜಾಲರಿಯ ಕಿಂಡಿ ಅತಿ ದೊಡ್ಡ ಕಣದ ಮೂರು ಪಟ್ಟಾದರೂ ಇರಬೇಕು. 45 ಮೈಕ್ರೋಮೀಟರ್ ಜರಡಿಯಿಂದ ಬಂದ ಪುಡಿಗೆ ಅಂಗುಲಕ್ಕೆ 120 ಎಳೆಗಳ ಜಾಲರಿ ಹೊಂದುತ್ತದೆ. ಪರದೆಗೂ ಹಾಳೆಗೂ ನಡುವೆ ಒಂದೆರಡು ಮಿಲಿಮೀಟರ್ ಅಂತರ ಬಿಟ್ಟು, ಸ್ಕ್ವೀಜಿಯನ್ನು 45ರಿಂದ 60 ಡಿಗ್ರಿ ಓರೆಯಾಗಿ ಹಿಡಿದು, ಒಂದೇ ವೇಗದಲ್ಲಿ ಒಂದೇ ಎಳೆತಕ್ಕೆ ಎಳೆಯಿರಿ. ಅರ್ಧದಲ್ಲಿ ನಿಲ್ಲಿಸಿದರೆ ಅಲ್ಲಿ ದಪ್ಪನೆಯ ಅಡ್ಡಗೆರೆ ಉಳಿಯುತ್ತದೆ.

ಅನುಕ್ರಮ ಹೀಗಿರಲಿ: ಮೊದಲು ವಿದ್ಯುದ್ವಾರಗಳು, ಅವು ಒಣಗಿದ ಮೇಲೆ ಪಿ ಕಾಲುಗಳು, ಅವು ಅರೆಗಟ್ಟಿಯಾದ ಮೇಲೆ ಎನ್ ಕಾಲುಗಳು. ಕಾಲು ವಿದ್ಯುದ್ವಾರದ ಮೇಲೆ ಕನಿಷ್ಠ 1.5 ಮಿಲಿಮೀಟರ್ ಹತ್ತಿಕೊಂಡಿರಬೇಕು. ವಿದ್ಯುದ್ವಾರಕ್ಕೆ ಬೆಳ್ಳಿ ಶಾಯಿ ಸುಲಭವೆನಿಸಿದರೂ ಬೆಳ್ಳಿ ಮತ್ತು ತಾಮ್ರ ಎರಡೂ ಬಿಸ್ಮತ್ ಟೆಲ್ಲುರೈಡಿನೊಳಕ್ಕೆ ಬೇಗ ನುಸುಳಿ ಅದರ ಗುಣವನ್ನು ಕೆಡಿಸುತ್ತವೆ. ಬಹುಕಾಲ ಬಿಸಿಯಲ್ಲಿರುವ ಜನಕವಾದರೆ ಬೆಳ್ಳಿಯ ಮೇಲೆ ನಿಕ್ಕಲ್ ಪದರವೊಂದನ್ನು ತಡೆಗೋಡೆಯಾಗಿ ಹಾಕಬೇಕು. ಪ್ರತಿ ಹಾಳೆಯ ಒಂದು ಅಂಚಿನಲ್ಲಿ 2, 4, 6, 8 ಮಿಲಿಮೀಟರ್ ಉದ್ದದ ಪರೀಕ್ಷಾ ಪಟ್ಟಿಗಳನ್ನೂ ಮುದ್ರಿಸಿಡಿ. ಅವುಗಳ ಉಪಯೋಗ ಏಳನೆಯ ಹಂತದಲ್ಲಿದೆ.

ಹಂತ 6: ಒತ್ತುವುದು ಮತ್ತು ಕಾಯಿಸುವುದು

ಬಹಳಷ್ಟು ಜನ ಹಾರಿಸಿಬಿಡುವ ಹಂತವಿದು. ಮುದ್ರಿಸಿದ ಪದರದಲ್ಲಿ ಕಣಗಳು ಒಂದನ್ನೊಂದು ಮುಟ್ಟಿದಂತೆ ಕಂಡರೂ ಅವುಗಳ ನಡುವೆ ಅಂಟಿನ ಪೊರೆ ಇರುತ್ತದೆ. ಎಪಾಕ್ಸಿ ಪೂರ್ತಿ ಗಟ್ಟಿಯಾಗುವ ಮುನ್ನ, ಅಂಟದ ಹಾಳೆಗಳ ನಡುವೆ ಇಟ್ಟು, ಬಿಸಿ ಒತ್ತುಯಂತ್ರದಲ್ಲಿ ಕೆಲವು ಮೆಗಾಪಾಸ್ಕಲ್ ಒತ್ತಡ ಕೊಟ್ಟು 150 ಡಿಗ್ರಿಯಲ್ಲಿ ಒಂದು ಗಂಟೆ ಇರಿಸಿದರೆ ಅಂಟು ಬದಿಗೆ ಸರಿದು ಕಣಗಳು ಬಿಗಿಯಾಗಿ ಕೂರುತ್ತವೆ, ಪದರದ ದಪ್ಪ ಕುಗ್ಗಿದುದು ಅಳತೆಯಲ್ಲಿಯೇ ಕಾಣುತ್ತದೆ. ಒತ್ತಡ ಅತಿಯಾದರೆ ಅಕ್ಕಪಕ್ಕದ ಕಾಲುಗಳು ಹರಡಿ ಒಂದಕ್ಕೊಂದು ಮುಟ್ಟುತ್ತವೆ. ಆದ್ದರಿಂದ ಕಾಲುಗಳ ನಡುವೆ ಒಂದು ಮಿಲಿಮೀಟರ್ ಅಂತರವನ್ನು ವಿನ್ಯಾಸದಲ್ಲಿಯೇ ಬಿಟ್ಟಿರಬೇಕು.

ಅನಂತರ ಆರ್ಗಾನ್ ಹರಿಯುವ ಕುಲುಮೆಯಲ್ಲಿ 250 ಡಿಗ್ರಿಯವರೆಗೆ ನಿಧಾನವಾಗಿ ಏರಿಸಿ ಕೆಲವು ಗಂಟೆ ಬಿಡಿ. ಗಾಳಿಯಲ್ಲಿ ಕಾಯಿಸಿದರೆ ಆಕ್ಸೈಡ್ ಬೆಳೆದು ಇದುವರೆಗಿನ ಶ್ರಮವೆಲ್ಲ ವ್ಯರ್ಥ. 300 ಡಿಗ್ರಿ ದಾಟಿದರೆ ಎಪಾಕ್ಸಿ ಕರಿಕಾಗಿ ಪದರ ಬಿರುಸಾಗುತ್ತದೆ. ಪಾಲಿಮರ್ ಅಂಟನ್ನೇ ಸುಟ್ಟುಹಾಕಿ ಕಣಗಳನ್ನು ನೇರವಾಗಿ ಬೆಸೆಯಬೇಕೆಂದರೆ ಹೆಚ್ಚು ಶಾಖ ತಾಳುವ ಗಾಜಿನ ಬಟ್ಟೆಯಂಥ ಆಧಾರ ಬೇಕು. ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ, ಗಾಜಿನ ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿದ ಧರಿಸಬಹುದಾದ ಜನಕ ಈ ದಾರಿಯದು.

ಹಂತ 7: ಅಳತೆ

ಮೊದಲು ಪರೀಕ್ಷಾ ಪಟ್ಟಿಗಳು. ನಾಲ್ಕು ಉದ್ದಗಳ ರೋಧವನ್ನು ಅಳೆದು ಉದ್ದಕ್ಕೆ ಎದುರಾಗಿ ರೋಧದ ನಕ್ಷೆ ಬರೆದರೆ ಒಂದು ಸರಳರೇಖೆ ಬರುತ್ತದೆ. ಅದರ ಇಳಿಜಾರು ವಸ್ತುವಿನ ರೋಧವನ್ನು ಹೇಳುತ್ತದೆ; ರೇಖೆಯನ್ನು ಹಿಂದಕ್ಕೆ ಎಳೆದು ಉದ್ದ ಸೊನ್ನೆಯಾದಲ್ಲಿ ಉಳಿಯುವ ರೋಧವೇ ಎರಡು ಸಂಪರ್ಕಗಳದ್ದು. ನಮ್ಮ ಲೆಕ್ಕದ 6.7 ಓಮ್ ಕಾಲಿಗೆ ಅಲ್ಲಿ 2 ಓಮ್ ಉಳಿದಿದ್ದರೆ ಶಕ್ತಿಯ ಕಾಲುಭಾಗದಷ್ಟು ಸಂಪರ್ಕದಲ್ಲಿಯೇ ಕಳೆದುಹೋಯಿತೆಂದು ಅರ್ಥ, ಮತ್ತು ಇನ್ನೂ ಉತ್ತಮ ಪುಡಿ ಹುಡುಕುವ ಬದಲು ವಿದ್ಯುದ್ವಾರವನ್ನು ಸರಿಪಡಿಸಬೇಕು.

ಇಲ್ಲಿ ಒಂದು ಎಚ್ಚರ ಬೇಕು. ಉಷ್ಣವಿದ್ಯುತ್ ಪಟ್ಟಿಯ ಒಂದು ತುದಿಗೆ ಬೆರಳು ತಾಗಿದರೂ ಸಾಕು, ಅದು ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಐದು ಡಿಗ್ರಿ ವ್ಯತ್ಯಾಸಕ್ಕೆ 0.75 ಮಿಲಿವೋಲ್ಟ್ ಬಂದರೆ, ಒಂದು ಮಿಲಿಆಂಪಿಯರ್ ಹರಿಸಿ ಅಳೆಯುವ ಮೀಟರಿನಲ್ಲಿ ಅದು ಮುಕ್ಕಾಲು ಓಮಿನ ಸುಳ್ಳು ರೋಧವಾಗಿ ಕಾಣುತ್ತದೆ. ಕಡ್ಡಿಗಳನ್ನು ಅದಲುಬದಲು ಮಾಡಿ ಎರಡು ಬಾರಿ ಅಳೆದು ಸರಾಸರಿ ತೆಗೆಯಿರಿ.

ಸೀಬೆಕ್ ಅಳೆಯಲು ಪಟ್ಟಿಯ ಎರಡು ತುದಿಗಳ ಕೆಳಗೆ, ಒಂದನ್ನು ಕಾಯಿಸಲು ಇನ್ನೊಂದನ್ನು ತಣಿಸಲು, ಎರಡು ಪೆಲ್ಟಿಯರ್ ಬಿಲ್ಲೆಗಳು, ಮೇಲೆ ತಾಪ ಅಳೆಯುವ ಎರಡು ತೆಳು ಥರ್ಮೋಕಪಲ್‌ಗಳು ಸಾಕು. ವ್ಯತ್ಯಾಸವನ್ನು 2, 4, 6, 8, 10 ಡಿಗ್ರಿಗಳಲ್ಲಿ ನಿಲ್ಲಿಸಿ ವೋಲ್ಟೇಜ್ ಬರೆದುಕೊಂಡು ರೇಖೆಯ ಇಳಿಜಾರನ್ನು ತೆಗೆದುಕೊಳ್ಳಿ. ಒಂದೇ ಬಿಂದುವಿನ ಭಾಗಾಕಾರವನ್ನು ನಂಬಬೇಡಿ, ಮೀಟರಿನ ಶೂನ್ಯದೋಷ ಅದರಲ್ಲಿ ಅಡಗಿರುತ್ತದೆ.

ಹಂತ 8: ಜೋಡಣೆ

ಹಾಳೆಯ ಮೇಲೆ ಮಲಗಿರುವ ಕಾಲುಗಳನ್ನು ಹಾಗೆಯೇ ಬಿಸಿ ಮೇಲ್ಮೈಗೆ ಅಂಟಿಸಿದರೆ ಎರಡೂ ತುದಿಗಳು ಒಂದೇ ಸಮ ಬಿಸಿಯಾಗಿ ಏನೂ ಹುಟ್ಟುವುದಿಲ್ಲ. ಹಾಳೆಯನ್ನು ಬೀಸಣಿಗೆಯಂತೆ ಮಡಿಸಿ ಅಥವಾ ಸುರುಳಿ ಸುತ್ತಿ ಕಾಲುಗಳನ್ನು ನಿಲ್ಲಿಸಬೇಕು. ಎಷ್ಟು ಎತ್ತರ ಬೇಕೆಂಬುದನ್ನು ಗಾಳಿ ತೀರ್ಮಾನಿಸುತ್ತದೆ. ಚರ್ಮ 33 ಡಿಗ್ರಿ, ಗಾಳಿ 25 ಡಿಗ್ರಿ ಎಂದುಕೊಳ್ಳಿ; ನಿಂತ ಗಾಳಿ ಒಂದು ಚದರ ಮೀಟರಿನಿಂದ ಪ್ರತಿ ಡಿಗ್ರಿಗೆ ಸುಮಾರು 10 ವ್ಯಾಟ್ ಶಾಖವನ್ನಷ್ಟೇ ಒಯ್ಯುತ್ತದೆ. ಸರಾಸರಿ ಉಷ್ಣವಾಹಕತೆ 0.3 ಇರುವ ಜನಕ ಒಂದು ಮಿಲಿಮೀಟರ್ ಎತ್ತರವಿದ್ದರೆ ಎಂಟು ಡಿಗ್ರಿಯಲ್ಲಿ ಅದಕ್ಕೆ ದಕ್ಕುವುದು ಕಾಲು ಡಿಗ್ರಿ ಮಾತ್ರ, ಉಳಿದದ್ದೆಲ್ಲ ಗಾಳಿಯ ಪಾಲು. ಹತ್ತು ಮಿಲಿಮೀಟರ್ ಇದ್ದರೆ ಎರಡು ಡಿಗ್ರಿ ದಕ್ಕುತ್ತದೆ. ಮುದ್ರಿತ ಕಾಲುಗಳನ್ನು ಉದ್ದವಾಗಿ ಮಾಡಬಹುದು ಎಂಬುದೇ ಇಲ್ಲಿ ನಮಗಿರುವ ಅನುಕೂಲ.

ಈಗ ಬಿಸಿ ಬದಿಯನ್ನು ಸ್ಥಿರ ತಾಪಮಾನದಲ್ಲಿಟ್ಟು, ಜನಕಕ್ಕೆ ಹೊರೆಯಾಗಿ ಕಟ್ಟಿದ ರೋಧವನ್ನು ಬದಲಿಸುತ್ತಾ ವೋಲ್ಟೇಜ್ ಮತ್ತು ಪ್ರವಾಹಗಳನ್ನು ಬರೆದುಕೊಳ್ಳಿ. ಪ್ರತಿ ಬದಲಾವಣೆಯ ನಂತರ ಅಂಕಿ ನಿಲ್ಲುವವರೆಗೆ ಕಾಯಬೇಕು, ಏಕೆಂದರೆ ಪ್ರವಾಹ ಹರಿದಾಗ ಅದು ತಾನೇ ಶಾಖವನ್ನು ಬಿಸಿ ಬದಿಯಿಂದ ತಣ್ಣನೆಯ ಬದಿಗೆ ಒಯ್ಯುವ ಪೆಲ್ಟಿಯರ್ ಪರಿಣಾಮದಿಂದ ತಾಪ ವ್ಯತ್ಯಾಸವೇ ಸ್ವಲ್ಪ ಕುಗ್ಗುತ್ತದೆ.

ಈ ವಿದ್ಯುತ್ತನ್ನು ಬಳಸಲು ವೋಲ್ಟೇಜ್ ಏರಿಸುವ ಮಂಡಲ ಬೇಕು, ಮತ್ತು ಆಯ್ಕೆಯಲ್ಲಿ ಎಡವುವುದು ಇಲ್ಲಿಯೇ. ಎಲ್‌ಟಿಸಿ3108 ಎಂಬ ಚಿಪ್ಪು ಒಂದಕ್ಕೆ ನೂರರ ಪರಿವರ್ತಕದೊಡನೆ (ಟ್ರಾನ್ಸ್‌ಫಾರ್ಮರ್) ಕೇವಲ 20 ಮಿಲಿವೋಲ್ಟ್‌ಗಳಲ್ಲಿ ಚಾಲೂ ಆಗುತ್ತದೆಂದು ಓದಿ, ನಮ್ಮ 54 ಮಿಲಿವೋಲ್ಟ್ ಧಾರಾಳವಾಯಿತೆಂದು ಅನಿಸುವುದು ಸಹಜ. ಆದರೆ ಆ ಮಂಡಲದ ಒಳಬರುವ ರೋಧ ಸುಮಾರು 2.5 ಓಮ್. 133 ಓಮ್‌ನ ಜನಕವನ್ನು ಅದಕ್ಕೆ ಕಟ್ಟಿದರೆ ಅಲ್ಲಿ ಉಳಿಯುವ ವೋಲ್ಟೇಜ್ ಒಂದು ಮಿಲಿವೋಲ್ಟ್. ಅಂಥ ಮಂಡಲಗಳು ಕಡಿಮೆ ರೋಧದ ಗಟ್ಟಿ ಬಿಲ್ಲೆಗಳಿಗಾಗಿ ಇರುವಂಥವು. ಮುದ್ರಿತ ಜನಕಕ್ಕೆ ಇನ್ನೊಂದು ದಾರಿಯಿದೆ: ನೂರು ಜೋಡಿಗಳನ್ನು ಸರಣಿಯಲ್ಲಿ ಮುದ್ರಿಸಿದರೆ ಅದೇ 20 ಡಿಗ್ರಿಗೆ 540 ಮಿಲಿವೋಲ್ಟ್, 1.3 ಕಿಲೋಓಮ್ ಮತ್ತು ಸುಮಾರು 55 ಮೈಕ್ರೋವ್ಯಾಟ್ ಸಿಗುತ್ತದೆ. ಅರ್ಧ ವೋಲ್ಟ್ ಆಸುಪಾಸಿನಲ್ಲಿ ಚಾಲೂ ಆಗಿ ಅತ್ಯಲ್ಪ ಪ್ರವಾಹವನ್ನಷ್ಟೇ ಎಳೆಯುವ ಮಂಡಲಗಳಿಗೆ ಇದು ಹೊಂದುತ್ತದೆ. ಆಗಾಗ ಎಚ್ಚೆತ್ತು ಒಂದು ಅಳತೆಯನ್ನು ಕಳುಹಿಸಿ ಮತ್ತೆ ಮಲಗುವ ಸಂವೇದಕಕ್ಕೆ ಅಷ್ಟು ಶಕ್ತಿ ಸಾಕಾಗಬಹುದು.

ಹಂತ 9: ಬಾಗುವಿಕೆಯ ಪರೀಕ್ಷೆ

ಹಾಳೆ ಮತ್ತು ಪದರ ಸೇರಿ 100 ಮೈಕ್ರೋಮೀಟರ್ ದಪ್ಪವಿದ್ದು 5 ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ ಹೊರಮೈ ಸುಮಾರು ಶೇಕಡ 1ರಷ್ಟು ಹಿಗ್ಗುತ್ತದೆ; 10 ಮಿಲಿಮೀಟರಿಗೆ ಅದು ಅರ್ಧ. ಪದರದ ಮೇಲೆ ಹಾಳೆಯಷ್ಟೇ ದಪ್ಪದ ಇನ್ನೊಂದು ಪಾಲಿಇಮೈಡ್ ಹಾಳೆಯನ್ನು ಅಂಟಿಸಿದರೆ ಹಿಗ್ಗುವ ಮತ್ತು ಕುಗ್ಗುವ ಬದಿಗಳ ನಡುವಿನ ತಟಸ್ಥ ತಲ ಪದರದೊಳಕ್ಕೇ ಬರುತ್ತದೆ, ತೇವ ಮತ್ತು ಗಾಳಿಯಿಂದ ರಕ್ಷಣೆಯೂ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಹಾಳೆಯ ಮೂಲಕ ಸೋರುವ ಶಾಖ ಇಮ್ಮಡಿಯಾಗುತ್ತದೆ. ಒಮ್ಮೆ ಸುತ್ತಿ ಕೂರಿಸಿ ಮತ್ತೆ ಮುಟ್ಟದ ಕೊಳವೆಯ ಜನಕಕ್ಕೆ ಈ ಮೇಲುಹಾಳೆಯ ಬದಲು ತೆಳುವಾದ ಸಿಲಿಕೋನ್ ಲೇಪವೇ ಸಾಕು.

ತಿಳಿದ ವ್ಯಾಸದ ಲೋಹದ ಕಡ್ಡಿಗಳಿಗೆ ಹಾಳೆಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಸುತ್ತುತ್ತಾ, ಪ್ರತಿ ಸಲವೂ ಬಾಗಿದ ಸ್ಥಿತಿಯಲ್ಲಿಯೂ ಬಿಡಿಸಿದ ಮೇಲೂ ರೋಧವನ್ನು ಅಳೆಯಿರಿ. ಬಾಗಿದಾಗ ಏರಿ ಬಿಡಿಸಿದಾಗ ಮೊದಲಿಗೆ ಮರಳಿದರೆ ಬಿರುಕು ಇನ್ನೂ ನೆಲೆಯೂರಿಲ್ಲ. ಮರಳದಿದ್ದರೆ ಹಾಳೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿ: ನನ್ನ ಹಾಳೆಗಳಲ್ಲಿ ಬಿರುಕು ಹೆಚ್ಚಾಗಿ ಕಾಲಿನ ನಡುವೆ ಕಾಣುವುದಿಲ್ಲ, ಕಾಲು ವಿದ್ಯುದ್ವಾರದ ಮೇಲೆ ಹತ್ತುವ ಮೆಟ್ಟಿಲಿನ ಅಂಚಿನಲ್ಲಿ ಕೂದಲೆಳೆಯಂತೆ ಕಾಣುತ್ತದೆ. ಅಲ್ಲಿ ವಿದ್ಯುದ್ವಾರವನ್ನು ಇನ್ನೂ ತೆಳುವಾಗಿ ಮುದ್ರಿಸಿ, ಕಾಲಿನ ತುದಿಯ ಮೇಲಿನಿಂದಲೂ ವಿದ್ಯುದ್ವಾರದ ಶಾಯಿಯ ಇನ್ನೊಂದು ಪಟ್ಟಿಯನ್ನು ಎಳೆದರೆ ಮುಂದಿನ ಹಾಳೆ ಹೆಚ್ಚು ಬಾಗುವಿಕೆಯನ್ನು ತಾಳುತ್ತದೆ, ಸಂಪರ್ಕದ ರೋಧವೂ ಇಳಿಯುತ್ತದೆ.